ಕಟ್ಟೆ ತುಂಬಿದೆ, ನಲ್ಲಿಯಲ್ಲಿ ನೀರಿಲ್ಲ: ಮೈಸೂರಿನ ಕುಡಿಯುವ ನೀರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ಮೈಸೂರಿನ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಬೆಳಗೆದ್ದು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಬೀದಿಗೆ ನೀರು ಬಂತಾ?" ಮಳೆಗಾಲದಲ್ಲೂ ಈ ಪ್ರಶ್ನೆ ಪೂರ್ತಿ ನಿಲ್ಲುವುದಿಲ್ಲ. ನೆರೆಹೊರೆಯವರು, ಹೊಸದಾಗಿ ಮನೆ ಕಟ್ಟಿದವರು, ಬಾಡಿಗೆಗೆ ಬಂದವರು ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಕೆಆರ್‌ಎಸ್ ತುಂಬಿದೆ ಅಂತ ಪೇಪರಲ್ಲಿ ಬರುತ್ತೆ. ಆದರೂ ನಮ್ಮ ನಲ್ಲಿಯಲ್ಲಿ ನೀರಿಲ್ಲ. ಯಾಕೆ?

ಯಾಕೆಂದರೆ ಕಟ್ಟೆಗೂ ನಿಮ್ಮ ನಲ್ಲಿಗೂ ನಡುವೆ ತುಂಬಾ ದೂರವಿದೆ. ನದಿಯಿಂದ ನೀರು ಎತ್ತುವ ಪಂಪು, ಅದಕ್ಕೆ ಕರೆಂಟು, ಶುದ್ಧೀಕರಣ ಘಟಕ, ದಪ್ಪ ಪೈಪು, ಎತ್ತರದ ಟ್ಯಾಂಕು, ಬೀದಿಯ ಸಣ್ಣ ಪೈಪು, ವಾಲ್ವು. ಇವುಗಳಲ್ಲಿ ಒಂದು ಕೈಕೊಟ್ಟರೂ ಮನೆಗೆ ನೀರಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಎನ್ನುವುದು ಸರ್ಕಾರದ ಮಾನದಂಡ. ಮೈಸೂರಿನಲ್ಲಿ 12 ಲಕ್ಷ ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 16.2 ಕೋಟಿ ಲೀಟರ್ ಆಯಿತು. ವರ್ಷಪೂರ್ತಿ ಕೂಡಿಸಿದರೆ 2 ಟಿಎಂಸಿಗಿಂತ ಚೂರು ಜಾಸ್ತಿ (1 ಟಿಎಂಸಿ ಅಂದರೆ ಸುಮಾರು 2,832 ಕೋಟಿ ಲೀಟರ್). ಕೆಆರ್‌ಎಸ್ 124.80 ಅಡಿ ತುಂಬಿದಾಗ ಅದರಲ್ಲಿ ಇರುವುದು 49.45 ಟಿಎಂಸಿ. ಅದೂ ಅಲ್ಲದೆ ಮೈಸೂರು ಕಬಿನಿಯಿಂದಲೂ ಕುಡಿಯುತ್ತದೆ.

ಇದರರ್ಥ ಇಷ್ಟೇ. ಮೈಸೂರಿನ ಬಾಯಾರಿಕೆಗೆ ಬಹಳ ವರ್ಷಗಳಲ್ಲಿ ಕಾವೇರಿ ಕಾರಣವಲ್ಲ. ಕಾವೇರಿಯಿಂದ ಮನೆಯವರೆಗಿನ ದಾರಿ ಕಾರಣ. "ಮಳೆ ಬರಲಿಲ್ಲ" ಅಂತ ಹೇಳಿ ಕೈತೊಳೆದುಕೊಳ್ಳುವುದು ಎಲ್ಲರಿಗೂ ಸುಲಭ. ಮಳೆ ಬಂದ ವರ್ಷವೂ ಟ್ಯಾಂಕರ್ ಓಡುತ್ತಿದ್ದರೆ ಆ ಮಾತಿಗೆ ಅರ್ಥವಿಲ್ಲ, ಅಲ್ವಾ?

ಮೈಸೂರಿಗೆ ನೀರು ಬರುವುದು ಎಲ್ಲಿಂದ?

ಎರಡು ನದಿಗಳಿಂದ. ಕೆಆರ್‌ಎಸ್ ಕೆಳಗಿನ ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಪಂಪ್‌ಹೌಸ್‌ಗಳು ಕಾವೇರಿ ನೀರು ಎತ್ತುತ್ತವೆ. ನಂಜನಗೂಡು ಕಡೆಯ ಬಿದರಗೂಡು ಪಂಪ್‌ಹೌಸ್ ಕಬಿನಿಯ ನೀರು ತರುತ್ತದೆ. ನಗರದೊಳಗೆ ಹಂಚುವ ಕೆಲಸ ಪಾಲಿಕೆಯ ವಾಣಿವಿಲಾಸ ನೀರು ಸರಬರಾಜು ವಿಭಾಗದ್ದು. ಅರಸರ ಕಾಲದಿಂದ ಬಂದ ಹೆಸರು ಅದು.

ಇದರ ಜೊತೆಗೆ ಕೆಆರ್‌ಎಸ್ ಹಿನ್ನೀರಿನಿಂದ ನೀರು ಎತ್ತುವ "ಹಳೇ ಉಂಡುವಾಡಿ" (ಊರಿನ ಹೆಸರು) ಯೋಜನೆ ಇದೆ. ನಗರದ ಹೊರವಲಯಕ್ಕೂ ಸುತ್ತಲಿನ ಹಳ್ಳಿಗಳಿಗೂ ನೀರು ಕೊಡಬೇಕೆಂದು ಮಾಡಿದ್ದು. ವರ್ಷಗಳಿಂದ ಇದರ ಮಾತು ಕೇಳುತ್ತಿದ್ದೇವೆ. ಹೊರವಲಯದ ಜನ ಇಷ್ಟು ಕಾಲ ಕಾಯಬೇಕಾಗಿ ಬಂದದ್ದು ನನಗೆ ನಿಜವಾಗಲೂ ಬೇಸರದ ವಿಷಯ.

ಟಿಎಂಸಿ, ಕ್ಯೂಸೆಕ್, ಎಂಎಲ್‌ಡಿ ಅಂದರೆ ಎಷ್ಟು?

1 ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. 1 ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ ಆಗುತ್ತದೆ. 1 ಎಂಎಲ್‌ಡಿ ಅಂದರೆ ದಿನಕ್ಕೆ 10 ಲಕ್ಷ ಲೀಟರ್.

ಇನ್ನೊಂದು ವಿಷಯ. ಕಟ್ಟೆಯ ಅಡಿ ಲೆಕ್ಕ ನೋಡಿ ನೆಮ್ಮದಿಯಾಗಬೇಡಿ. ಜಲಾಶಯ ಮೇಲೆ ಅಗಲ, ತಳದಲ್ಲಿ ಕಿರಿದು. ಮೇಲಿನ ಹತ್ತು ಅಡಿಯಲ್ಲಿ ಇರುವಷ್ಟು ನೀರು ಕೆಳಗಿನ ಹತ್ತು ಅಡಿಯಲ್ಲಿ ಇರುವುದಿಲ್ಲ. ತಳದ ನೀರನ್ನು ಪೂರ್ತಿ ಎತ್ತಲೂ ಆಗುವುದಿಲ್ಲ. ಹಾಗಾಗಿ ಅಡಿಯ ಜೊತೆಗೆ ಟಿಎಂಸಿಯನ್ನೂ ನೋಡಿ.

ಹೊಸ ಬಡಾವಣೆಗಳಲ್ಲೇ ತೊಂದರೆ ಜಾಸ್ತಿ ಯಾಕೆ?

2011ರ ಜನಗಣತಿಯ ಹೊತ್ತಿಗೆ ಮೈಸೂರು ನಗರದ ಜನಸಂಖ್ಯೆ 9 ಲಕ್ಷದ ಹತ್ತಿರ ಇತ್ತು. ಆಮೇಲೆ ಊರು ರಿಂಗ್ ರೋಡ್ ದಾಟಿ ಬೆಳೆಯಿತು. ಹೊಲ ಇದ್ದ ಕಡೆ ಸೈಟು ಬಂತು. ಖಾಸಗಿ ಬಡಾವಣೆ ಮಾಡುವವರು ರಸ್ತೆ ಹಾಕಿ, ಎರಡು ಬೋರ್‌ವೆಲ್ ಕೊರೆಸಿ, ಒಂದು ಓವರ್‌ಹೆಡ್ ಟ್ಯಾಂಕ್ ಕಟ್ಟಿ, ಸೈಟು ಮಾರಿ ಹೋದರು. "ಕಾವೇರಿ ಕನೆಕ್ಷನ್ ಬರುತ್ತೆ" ಅಂತ ಮಾತು ಕೊಟ್ಟರು. ಹತ್ತು ಮನೆ ಇದ್ದಾಗ ಆ ಬೋರು ಸಾಕಾಯಿತು. ಇನ್ನೂರು ಮನೆ ಆದಾಗ ಬತ್ತಿತು.

ಆಮೇಲೆ ಶುರುವಾಗುವುದು ಅಲೆದಾಟ. ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಿಲ್ಲ ಅಂತ ಒಂದು ಕಚೇರಿ ಹೇಳುತ್ತದೆ. ನಮ್ಮ ಕೆಲಸ ಮುಗಿದಿದೆ ಅಂತ ಇನ್ನೊಂದು. ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಬೋರ್ಡು ಬದಲಾದಷ್ಟು ಬೇಗ ಪೈಪು ಬದಲಾಗಲಿಲ್ಲ.

ಸೈಟು ಅಥವಾ ಮನೆ ತಗೊಳ್ಳುವವರಿಗೆ ನನ್ನ ಸಲಹೆ ಒಂದೇ. ಖಾತೆ, ಇಸಿ (ಋಣಭಾರ ಪತ್ರ) ನೋಡುವಷ್ಟೇ ಗಮನ ಕೊಟ್ಟು ನೀರು ನೋಡಿ. ಆ ಬೀದಿಯಲ್ಲಿ ಈಗಾಗಲೇ ವಾಸ ಇರುವ ಮನೆಯೊಳಗೆ ಹೋಗಿ, ಏಪ್ರಿಲ್ ತಿಂಗಳಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಅಂತ ಮನೆಯ ಹೆಂಗಸರನ್ನು ಕೇಳಿ. ಏಜೆಂಟನ್ನು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ.

ಪಕ್ಕದ ಬೀದಿಗೆ ಬರುತ್ತೆ, ನಮಗೆ ಬರಲ್ಲ. ವಾಲ್ವ್‌ಮನ್ ಬೇಕು ಅಂತ ಮಾಡ್ತಾರಾ?

ಈ ಅನುಮಾನ ಎಲ್ಲ ಬೀದಿಯಲ್ಲೂ ಇದೆ. ಕೆಲವು ಕಡೆ ನಿಜವೂ ಇರಬಹುದು. ಆದರೆ ಅವರ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ.

ಬೆಳಗಿನ ಜಾವ ಒಬ್ಬರೇ ಬೈಕಿನಲ್ಲಿ ಬರುತ್ತಾರೆ. ಕೈಯಲ್ಲಿ ಆಳುದ್ದದ ಕಬ್ಬಿಣದ ಕೀ, ಮೇಲೆ ಅಡ್ಡ ಹಿಡಿ. ರಸ್ತೆ ಅಂಚಿನ ಚಪ್ಪಡಿ ಎತ್ತಿ, ಗುಂಡಿಯೊಳಗೆ ಕೀ ಇಳಿಸಿ, ಎರಡೂ ಕೈಯಿಂದ ಸುತ್ತು ಹಾಕುತ್ತಾರೆ. ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಯ ಕೊನೆಗೆ ನೀರು ಮುಟ್ಟುತ್ತದೆ ಎನ್ನುವುದು ಅವರ ಕೈಗೆ ಗೊತ್ತು. ಯಾವ ಕಾಗದದಲ್ಲೂ ಅದು ಬರೆದಿಲ್ಲ. ಟ್ಯಾಂಕಿನಲ್ಲಿ ನೀರಿನ ಮಟ್ಟ ಕಡಿಮೆ ಇದ್ದರೆ ಒತ್ತಡ ಇಲ್ಲ. ತಗ್ಗಿನ ಮನೆಗಳ ಸಂಪು ಮೊದಲು ತುಂಬುತ್ತದೆ, ದಿಣ್ಣೆ ಮೇಲಿನ ಮನೆಗೆ ಬರೀ ಗಾಳಿ ಬರುತ್ತದೆ. ಅಷ್ಟರಲ್ಲಿ ಸಮಯ ಮುಗಿದು ಮುಂದಿನ ಬೀದಿಗೆ ತಿರುಗಿಸಬೇಕು.

ಇವರಲ್ಲಿ ಅನೇಕರು ಗುತ್ತಿಗೆ ನೌಕರರು. ಎಲ್ಲರ ಬೈಗುಳ ಮೊದಲು ಬೀಳುವುದು ಇವರ ಮೇಲೆಯೇ. ಅವರ ಹತ್ತಿರ ಜಗಳ ಆಡುವ ಬದಲು ಬೀದಿಯವರೆಲ್ಲ ಸೇರಿ ಎಂಜಿನಿಯರ್ ಹತ್ತಿರ ಹೋಗಿ, ವಾಲ್ವ್ ಬಿಡುವ ವೇಳಾಪಟ್ಟಿಯನ್ನು ಬರಹದಲ್ಲಿ ಕೇಳಿ. ಬೀದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿದ ವೇಳಾಪಟ್ಟಿಯಿಂದ ಅರ್ಧ ಜಗಳ ಕಡಿಮೆಯಾಗುತ್ತದೆ.

ಬೀದಿ ಪೈಪಿಗೇ ಮೋಟಾರ್ ಹಾಕಿ ಎಳೆದರೆ ತಪ್ಪೇನು? ನಾವೂ ಬಿಲ್ ಕಟ್ತೀವಲ್ಲ?

ತಪ್ಪು. ನಿಯಮಕ್ಕೂ ವಿರುದ್ಧ, ನೆರೆಯವರಿಗೂ ಅನ್ಯಾಯ. ನೀವು ಎಳೆದ ನೀರು ನಿಮ್ಮ ಮುಂದಿನ ಹತ್ತು ಮನೆಯದ್ದು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮೋಟಾರ್ ಎಳೆದಾಗ ಪೈಪಿನೊಳಗೆ ಒತ್ತಡ ತೀರಾ ಇಳಿದು, ಬಿರುಕು ಬಿಟ್ಟ ಜಾಗದಿಂದ ಹೊರಗಿನ ಕೊಳಕು ಒಳಗೆ ಬರುತ್ತದೆ. ಪಕ್ಕದಲ್ಲೇ ಒಳಚರಂಡಿ (ಯುಜಿಡಿ) ಪೈಪ್ ಸೋರುತ್ತಿದ್ದರೆ ಆ ನೀರು ನಿಮ್ಮದೇ ಸಂಪಿಗೆ. ನೀರು ತಾನಾಗಿ ಸಂಪಿಗೆ ಬೀಳಲಿ, ಅಲ್ಲಿಂದ ಮೇಲಕ್ಕೆ ಮೋಟಾರ್ ಹಾಕಿ.

ಕಾವೇರಿ ಗಲಾಟೆಗೂ ಮೈಸೂರಿನ ನಲ್ಲಿಗೂ ಸಂಬಂಧ ಇದೆಯಾ?

ಮಳೆ ಸರಿಯಾಗಿ ಆದ ವರ್ಷ ಇಲ್ಲ. ಮಳೆ ಕೈಕೊಟ್ಟ ವರ್ಷ ಇದೆ.

ಮೈಸೂರು ಮತ್ತು ಮದ್ರಾಸ್ ನಡುವಿನ 1892 ಮತ್ತು 1924ರ ಒಪ್ಪಂದಗಳಿಂದ ಶುರುವಾದ ಕಥೆ ಇದು. 1990ರಲ್ಲಿ ನ್ಯಾಯಮಂಡಳಿ ಆಯಿತು, 2007ರಲ್ಲಿ ಅಂತಿಮ ತೀರ್ಪು ಬಂತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಸಾಧಾರಣ ವರ್ಷದಲ್ಲಿ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹರಿಯಬೇಕು. ಅದರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ 123.14 ಟಿಎಂಸಿ ಹೋಗಬೇಕು.

ತೊಡಕು ಇರುವುದು ಇಲ್ಲಿಯೇ. ಸಾಧಾರಣ ವರ್ಷದ ಲೆಕ್ಕ ಚೊಕ್ಕವಾಗಿದೆ. ಬರದ ವರ್ಷದಲ್ಲಿ ಯಾರು ಎಷ್ಟು ಕಷ್ಟ ಹಂಚಿಕೊಳ್ಳಬೇಕು ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಸಂಕಷ್ಟ ಸೂತ್ರವಿಲ್ಲ. 2023ರಲ್ಲಿ ಆದದ್ದು ಅದೇ. ಮುಂಗಾರು ಸೋತಿತು, ಕೆಆರ್‌ಎಸ್ ತುಂಬಲಿಲ್ಲ, ರಾಜ್ಯದಲ್ಲಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಆದರೂ ಹದಿನೈದು ದಿನಕ್ಕೊಮ್ಮೆ ತಮಿಳುನಾಡಿಗೆ ನೀರು ಬಿಡುವ ಆದೇಶ ಬರುತ್ತಿತ್ತು. ಮಂಡ್ಯದಲ್ಲಿ ಸರ್ ಎಂ.ವಿ. ಪ್ರತಿಮೆ ಮುಂದೆ ಧರಣಿ, ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್, ಆಮೇಲೆ ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಅಂಥ ವರ್ಷದಲ್ಲಿ ಕಟ್ಟೆಯಲ್ಲಿ ಉಳಿದ ನೀರನ್ನು ಮುಂದಿನ ಜೂನ್‌ವರೆಗೆ ಕುಡಿಯಲು ಎತ್ತಿಡಬೇಕು. ಅದನ್ನು ಎತ್ತಿಟ್ಟದ್ದು ಯಾರ ಹೊಲದಿಂದ ಎನ್ನುವುದನ್ನು ಮೈಸೂರಿನವರು ಮರೆಯಬಾರದು.

ಅಂದರೆ ಮಂಡ್ಯದ ರೈತರಿಗೂ ನಗರದವರಿಗೂ ಜಗಳವೇ?

ಜಗಳ ಆಗಬೇಕಿಲ್ಲ, ಆದರೆ ಹಿತ ಬೇರೆ ಬೇರೆ ಇದೆ. ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಭತ್ತ, ಕಬ್ಬಿಗೆ ಜೀವ. ಬರ ಬಂದಾಗ ಕುಡಿಯುವ ನೀರಿಗೆ ಮೊದಲ ಆದ್ಯತೆ. ಈ ನಿಯಮ ಸರಿಯೇ. ಆದರೆ ಅದು ಜಾರಿಯಾಗುವಾಗ ಮೊದಲು ನಿಲ್ಲುವುದು ನಾಲೆ ನೀರು. "ಬೇಸಿಗೆ ಬೆಳೆ ಹಾಕಬೇಡಿ" ಅಂತ ಒಂದು ಪ್ರಕಟಣೆ ಬಂದರೆ ಮುಗಿಯಿತು. ಕಬ್ಬು ಆಗಲೇ ನೆಲದಲ್ಲಿ ನಿಂತಿರುತ್ತದೆ. ಅದು ವರ್ಷದ ಬೆಳೆ, ಮಧ್ಯದಲ್ಲಿ ಬಿಟ್ಟು ಎದ್ದು ಬರುವ ಹಾಗಿಲ್ಲ.

ನೀರು ಇದ್ದಾಗಲೂ ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ. ಕೆಲವು ದಿನ ನಾಲೆಯಲ್ಲಿ ನೀರು, ಕೆಲವು ದಿನ ಬಂದ್. ನಾಲೆಯ ಕೊನೆಯ ಮಳವಳ್ಳಿ ಕಡೆಯ ರೈತನಿಗೆ ನೀರು ಮುಟ್ಟುವ ಹೊತ್ತಿಗೆ ಕಟ್ಟು ಮುಗಿದಿರುತ್ತದೆ. ಮೈಸೂರಿನ ದಿಣ್ಣೆ ಮೇಲಿನ ಮನೆಗೂ ಅವನಿಗೂ ಇರುವ ಕಷ್ಟ ಒಂದೇ. ಇಬ್ಬರೂ ಪೈಪಿನ, ನಾಲೆಯ ಕೊನೆಯಲ್ಲಿ ಇದ್ದಾರೆ.

ನಗರದವರು ರೈತರಿಗೆ "ಭತ್ತ ಬೆಳೆಯಬೇಡಿ, ರಾಗಿ ಹಾಕಿ" ಎಂದು ಬುದ್ಧಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಬೆಳೆ ಬದಲಾಗಬೇಕಾದರೆ ರಾಗಿಗೂ ಕಾಳಿಗೂ ಖಾತ್ರಿ ಬೆಲೆ ಬೇಕು, ಕೊಳ್ಳುವ ವ್ಯವಸ್ಥೆ ಬೇಕು. ಮೊದಲು ನಮ್ಮ ಸೋರುವ ಪೈಪು ಸರಿಮಾಡಿಕೊಂಡು ಆಮೇಲೆ ಅವರ ಗದ್ದೆಯ ಬಗ್ಗೆ ಮಾತಾಡೋಣ.

ಬೆಂಗಳೂರಿಗೆ ಕೊಡುವುದರಿಂದ ನಮಗೆ ಕಡಿಮೆ ಆಗುತ್ತಾ?

ಬೆಂಗಳೂರಿನ ಕಾವೇರಿ ನೀರು ಹೋಗುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ಒಂದರಲ್ಲೇ ದಿನಕ್ಕೆ 775 ಎಂಎಲ್‌ಡಿ ಸಾಮರ್ಥ್ಯ. ವರ್ಷಕ್ಕೆ 10 ಟಿಎಂಸಿ ಹತ್ತಿರ ಆಗುತ್ತದೆ. ಮೈಸೂರಿನ ಪೈಪಿನಿಂದ ಅದನ್ನು ಕಿತ್ತುಕೊಂಡಿಲ್ಲ. ಆದರೆ ಒಂದೇ ಜಲಾನಯನದಿಂದ ಎಲ್ಲರೂ ಕುಡಿಯುವಾಗ, ಬರದ ವರ್ಷದಲ್ಲಿ ಆ ಹೊರೆ ಕಟ್ಟೆಯ ಮೇಲೆ ಬಿದ್ದೇ ಬೀಳುತ್ತದೆ.

ಬೋರ್‌ವೆಲ್ ಕೊರೆಸಿದರೆ ಸಮಸ್ಯೆ ಮುಗಿಯುತ್ತಾ?

ಮೈಸೂರಿನ ನೆಲದಡಿ ಗಟ್ಟಿ ಬಂಡೆ ಇದೆ. ನೀರು ಇರುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಅದಕ್ಕೇ ಪಕ್ಕದ ಮನೆಯಲ್ಲಿ ನೀರು ಸಿಕ್ಕಿದರೆ ನಿಮಗೂ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ನೀವು ಇನ್ನೂ ಆಳಕ್ಕೆ ಹೋದರೆ ಅವರ ಬೋರು ಬತ್ತಬಹುದು. ಹಳೆ ಬಡಾವಣೆಗಳಲ್ಲಿ ಈ ಕಾರಣಕ್ಕೇ ಮಾತು ಬಿಟ್ಟ ನೆರೆಯವರಿದ್ದಾರೆ. ಕೊರೆಸಲೇಬೇಕಾದರೆ ಅನುಮತಿ ತಗೊಳ್ಳಿ, ಆ ಬೋರಿಗೆ ಮಳೆನೀರು ಇಂಗುವ ಗುಂಡಿಯನ್ನೂ ಮಾಡಿಸಿ. ತೆಗೆಯುವುದಷ್ಟೇ ಆದರೆ ಎಷ್ಟು ದಿನ ಬಂದೀತು?

ಕೆರೆಗಳಿಗೂ ಕುಡಿಯುವ ನೀರಿಗೂ ಏನು ಸಂಬಂಧ? ಈಗ ಯಾರೂ ಕೆರೆ ನೀರು ಕುಡಿಯಲ್ಲವಲ್ಲ?

ಕುಡಿಯುವುದಿಲ್ಲ ನಿಜ. ಆದರೆ ಕೆರೆ ತುಂಬಿದ್ದರೆ ಸುತ್ತಲ ಬೋರುಗಳಲ್ಲಿ ನೀರಿರುತ್ತದೆ. ಬೋರಿನಲ್ಲಿ ನೀರಿದ್ದರೆ ನದಿ ನೀರಿನ ಮೇಲೆ ಹೊರೆ ಕಡಿಮೆ.

ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ದೊಡ್ಡಕೆರೆ ಮೈದಾನದ ಹೆಸರಿನಲ್ಲಿ ಮಾತ್ರ ಕೆರೆ ಉಳಿದಿದೆ. ಕುಕ್ಕರಹಳ್ಳಿಗೆ ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆಯ ಮೇಲೆ ಈಗ ಅಲ್ಲಲ್ಲಿ ರಸ್ತೆ, ಮನೆ ಎದ್ದಿವೆ. ಕೆರೆ ಏರಿ ಮೇಲೆ ವಾಕಿಂಗ್ ಪಾತ್, ಬೆಂಚು ಹಾಕಿದರೆ ಅಭಿವೃದ್ಧಿ ಅಂತಾರೆ. ಕೆರೆಗೆ ನೀರು ಬರುವ ಕಾಲುವೆ ಬಿಡಿಸದೆ ಏರಿ ಅಲಂಕಾರ ಮಾಡಿ ಪ್ರಯೋಜನ ಇಲ್ಲ. ಕಾಲುವೆ ಬಿಡಿಸುವುದು ಕಷ್ಟದ ಕೆಲಸ, ಒತ್ತುವರಿದಾರರ ವಿರೋಧ ಕಟ್ಟಿಕೊಳ್ಳಬೇಕು. ಆದರೂ ಮೊದಲು ಮಾಡಬೇಕಾದ್ದು ಅದೇ.

ಮಳೆನೀರು ಹಿಡಿಯುವುದರಿಂದ ನಿಜವಾಗಲೂ ಲಾಭ ಇದೆಯಾ?

ಇದೆ. 30×40 ಸೈಟಿನ ಅಳತೆ ಸುಮಾರು 111 ಚದರ ಮೀಟರ್. ಅಷ್ಟು ಚಾವಣಿ ಇದ್ದು ವರ್ಷಕ್ಕೆ 750 ಮಿ.ಮೀ. ಮಳೆ ಬಿದ್ದರೆ 83,000 ಲೀಟರ್. ಐದನೇ ಒಂದು ಭಾಗ ಆವಿ, ಸೋರಿಕೆ ಅಂತ ಬಿಟ್ಟರೂ 66,000 ಲೀಟರ್ ಉಳಿಯುತ್ತದೆ. ನಾಲ್ಕು ಜನರ ಮನೆಗೆ, ಒಬ್ಬರಿಗೆ 135 ಲೀಟರ್ ಹಾಗೆ, ನಾಲ್ಕು ತಿಂಗಳ ನೀರು ಅದು.

ಅಷ್ಟನ್ನೂ ಕೂಡಿಡಲು ಜಾಗ ಇರುವುದಿಲ್ಲ, ಗೊತ್ತು. ಸಂಪಿಗೆ ಹಿಡಿಸುವಷ್ಟು ಹಿಡಿದು ಮಿಕ್ಕಿದ್ದನ್ನು ಇಂಗಿಸಿ. ಮೊದಲ ಮಳೆಯ ನೀರು ಹೊರಗೆ ಹೋಗುವಂತೆ ಪೈಪಿಗೆ ಒಂದು ಮುಚ್ಚಳ ಇಡಿ. ಚಾವಣಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲಿ ಹೋಗಲಿ. ಆಮೇಲೆ ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಸಂಪಿಗೆ ಬಿಡಿ. ಮೈಸೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲೂ ಗುಡುಗು ಮಳೆ ಬರುತ್ತದೆ. ಅಂದರೆ ಕೊರತೆ ಜೋರಾಗಿರುವ ಹೊತ್ತಲ್ಲೇ ನೀರು ಸಿಗುತ್ತದೆ. ಚಾವಣಿಯನ್ನು ಮಾರ್ಚ್‌ನಲ್ಲೇ ಗುಡಿಸಿಡಿ.

ಟ್ಯಾಂಕರ್ ನೀರು ಕುಡಿಯಬಹುದಾ?

ಎಲ್ಲಿ ತುಂಬಿಸಿದ್ದು ಅಂತ ಕೇಳದೆ ಬೇಡ. ಖಾಸಗಿ ಟ್ಯಾಂಕರ್‌ಗಳದು ಹೆಚ್ಚಾಗಿ ಬೋರ್ ನೀರು. ಬಳಕೆಗೆ ಸರಿ, ಕುಡಿಯಲು ಕುದಿಸಿ ಅಥವಾ ಶುದ್ಧ ಮಾಡಿ.

ಕಲುಷಿತ ನೀರನ್ನು ಹಗುರವಾಗಿ ತಗೊಳ್ಳಬೇಡಿ. 2024ರ ಮೇ ತಿಂಗಳಲ್ಲಿ ಮೈಸೂರಿನ ಹತ್ತಿರದ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಪ್ರಾಣವೂ ಹೋಯಿತು. ನಲ್ಲಿ ನೀರಿಗೆ ವಾಸನೆ ಬಂದರೆ, ಬಣ್ಣ ಬದಲಾದರೆ ಅದೇ ದಿನ ತಿಳಿಸಿ, ಪಕ್ಕದ ಮನೆಯವರಿಗೂ ಹೇಳಿ. ಮನೆ ತುದಿಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುವುದು ನಿಯಮ. ಅದನ್ನು ಪರೀಕ್ಷೆ ಮಾಡಿ ಅಂತ ಕೇಳುವ ಹಕ್ಕು ನಿಮಗಿದೆ.

ಒಮ್ಮೆ ಬಳಸಿದ ನೀರು ಮತ್ತೆ ಉಪಯೋಗಕ್ಕೆ ಬರುತ್ತಾ?

ಬರಬೇಕು. ವಿದ್ಯಾರಣ್ಯಪುರ, ಕೆಸರೆ, ರಾಯನಕೆರೆಗಳಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕಗಳಿವೆ. ಅಲ್ಲಿಂದ ಬರುವ ನೀರು ಪಾರ್ಕಿಗೆ, ಕಟ್ಟಡ ಕೆಲಸಕ್ಕೆ, ಕಾರ್ಖಾನೆಗೆ ಸಾಕು. ನದಿಯಿಂದ ಎತ್ತಿ, ಶುದ್ಧ ಮಾಡಿ, ಕರೆಂಟು ಸುಟ್ಟು ತಂದ ಕುಡಿಯುವ ನೀರನ್ನು ಹುಲ್ಲುಹಾಸಿಗೆ ಹಾಕುವುದನ್ನು ಪಾಲಿಕೆಯೇ ಮೊದಲು ನಿಲ್ಲಿಸಲಿ. ಮನೆಯಲ್ಲಿ ಆರ್‌ಒ ಇದ್ದರೆ ಅದು ಹೊರಹಾಕುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಪಾತ್ರೆಗೆ, ನೆಲ ಒರೆಸಲು ಬಳಸಿ.

24 ಗಂಟೆ ನೀರು ಕೊಡ್ತೀವಿ ಅಂದಿದ್ದರಲ್ಲ, ಏನಾಯ್ತು?

2008ರಲ್ಲಿ ನಗರಗಳ ಅಭಿವೃದ್ಧಿಗೆ ಕೇಂದ್ರ ಸರ್ಕಾರ ತಂದಿದ್ದ ನರ್ಮ್ ಯೋಜನೆಯಡಿ ಈ ಕೆಲಸವನ್ನು ಖಾಸಗಿ ಕಂಪನಿಗೆ ವಹಿಸಿದರು. ಊರಿಗೆಲ್ಲ ಹಗಲೂ ರಾತ್ರಿ ನೀರು ಬರಲಿಲ್ಲ. ಗುರಿ ಒಳ್ಳೆಯದೇ. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ಕೊಳಕು ಒಳಗೆ ಬರುವುದಿಲ್ಲ, ಜನ ಭಯದಿಂದ ಡ್ರಮ್ಮು ತುಂಬಿಡುವುದೂ ತಪ್ಪುತ್ತದೆ. ಆದರೆ ಹಳೆ ಪೈಪಿಗೆ ಪೂರ್ತಿ ಒತ್ತಡ ಕೊಟ್ಟರೆ ಸೋರಿಕೆ ಇನ್ನೂ ಹೆಚ್ಚುತ್ತದೆ. ಮೊದಲು ಎಷ್ಟು ನೀರು ಟ್ಯಾಂಕಿನಿಂದ ಹೊರಟಿತು, ಎಷ್ಟು ಮನೆ ಮುಟ್ಟಿತು ಎನ್ನುವ ಲೆಕ್ಕ ವಾರ್ಡ್‌ವಾರು ಸಿಗಬೇಕು. ಅದಕ್ಕೆ ಟ್ಯಾಂಕಿನ ಬುಡದಲ್ಲೂ ಮನೆಯಲ್ಲೂ ಓಡುವ ಮೀಟರ್ ಬೇಕು.

ನಮ್ಮ ಮನೆಯೊಳಗೇ ಸೋರಿಕೆ ಇದೆಯಾ ಅಂತ ಹೇಗೆ ತಿಳಿಯುವುದು?

ರಾತ್ರಿ ಮಲಗುವ ಮುಂಚೆ ಸಂಪಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೋಟಾರ್ ಹಾಕಬೇಡಿ. ನೀರು ಬಿಡದ ರಾತ್ರಿಯೇ ಮಾಡಿ. ಬೆಳಗ್ಗೆ ಗೆರೆಗಿಂತ ಕೆಳಗಿದ್ದರೆ ಸಂಪು ಸೋರುತ್ತಿದೆ. ಕಮೋಡಿನ ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅರಿಶಿನ ಕಲಸಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕೆಳಗೆ ಹಳದಿ ಕಂಡರೆ ಅಲ್ಲೂ ಸೋರಿಕೆ ಇದೆ.

ದೂರು ಕೊಟ್ಟರೂ ಕೆಲಸ ಆಗಲ್ಲ. ಹೇಗೆ ಕೊಡಬೇಕು?

ಒಬ್ಬರೇ ಫೋನ್ ಮಾಡಿ ಬೈದರೆ ಸುಮ್ನೆ ಮರೆತುಹೋಗುತ್ತದೆ. ಬೀದಿಯವರು ಸೇರಿ ಒಂದು ನೋಟ್‌ಬುಕ್ ಇಡಿ. ಯಾವ ದಿನ ನೀರು ಬಂತು, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಯಾವ ಮನೆವರೆಗೆ ಮುಟ್ಟಿತು ಅಂತ ಒಂದು ತಿಂಗಳು ಬರೆಯಿರಿ. ಅದರ ಜೆರಾಕ್ಸ್ ಜೊತೆಗೆ, ಕನೆಕ್ಷನ್ ನಂಬರ್ ಹಾಕಿ, ಎಲ್ಲರ ಸಹಿ ಮಾಡಿಸಿ ವಾರ್ಡ್ ಎಂಜಿನಿಯರ್‌ಗೆ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಎರಡು ವಾರ ಕಾದು ಉತ್ತರ ಬರದಿದ್ದರೆ ಮೇಲಿನ ಅಧಿಕಾರಿಗೆ ಅದೇ ಮುದ್ರೆಯ ಪ್ರತಿ ಇಟ್ಟು ಬರೆಯಿರಿ. ಆಮೇಲೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ನಿಮ್ಮ ಬೀದಿಯ ವಾಲ್ವ್ ವೇಳಾಪಟ್ಟಿ ಮತ್ತು ಟ್ಯಾಂಕಿಗೆ ಬಂದ ನೀರಿನ ದಿನದ ಲೆಕ್ಕ ಕೇಳಿ. ಈ ಎರಡನ್ನೇ ಕೇಳಿ, ಹತ್ತು ವಿಷಯ ಸೇರಿಸಬೇಡಿ.